ಕೋರಿಕೆ ನಿಲುಗಡೆ

ಲಕ್ಕುಂಡಿಗೆ ಬಂದು ಇವತ್ತಿಗೆ ಒಂಬತ್ತು ದಿನ.
ಎರಡ ದಿನ ಅಂತ ಬಂದಿದ್ವಿ.
ಬೇವಿನ ಗಿಡದ ಕೆಳಗ ಗಾಡಿ,
ಗಾಡಿಯಿಂದ ಗಿಡಕ್ಕ ಒಂದು ಹಗ್ಗ,
ಹಗ್ಗದ ಮ್ಯಾಲ ನನ್ನ ಇಳಕಲ್ ಸೀರಿ, ಇವರ ಎರಡು ಬನಿಯನ್ನು.
ಗುಡಿ ಕಾಯೋ ಹುಡುಗ ನಿನ್ನೆ ಬಂದು ತಲಿ ಕೆರಕೊಂಡ:
‘ಅವ್ವಾರ, ಮಂದಿ ಫೋಟೋದಾಗ ಬರತಾವ್ರಿ ಇವು.’
ಬರಲಿ ಬಿಡೋ,
ಸಾವಿರ ವರ್ಷದ ಕಲ್ಲಿಗೆ ಒಂದೀಟು ಬಣ್ಣ, ಅಂದೆ.
ಅಂದು, ಹಗ್ಗ ಆ ಕಡೆ ಕಟ್ಟಿದೆ.

ಗಾಡಿ ಅಂದರ ಟೆಂಪೋ ಟ್ರಾವೆಲರ್,
ಮದುವಿ ದಿಬ್ಬಣ ಹೊತ್ತು ಹೊತ್ತು ಸವದದ್ದು.
ಹುಬ್ಬಳ್ಳಿ ಗೋಕುಲ ರೋಡಿನ ಗ್ಯಾರೇಜಿನಾಗ
ಇವರ ಡಿಪೋ ಗೆಳೆಯ ಮಾಬೂಸಾಬ
ಸೀಟು ಕಿತ್ತು ಹಾಸಿಗಿ ಕೂಡಿಸಿಕೊಟ್ಟ.
ಒಂದು ಒಲಿ, ನೂರು ಲೀಟರಿನ ಟಾಕಿ,
ಒಂದು ಫ್ಯಾನು. ತಿರಗತೈತಿ, ಗಾಳಿ ಬರೂದಿಲ್ಲ.
ನಾ ರೊಟ್ಟಿ ಬಡದರ ಇಡೀ ಗಾಡಿ ನಡಗತೈತಿ,
ಹೊರಗ ನಿಂತವರು ಎಂಜಿನ್ ಚಾಲೂ ಆತು ಅಂತ ಸರಿದು ನಿಲ್ಲತಾರ.

ಹೊಡಿಯಾಕಿ ನಾನು.
ಮೂವತ್ತೊಂದು ವರ್ಷ ಬಸ್ ಹೊಡದ ಮನಶ್ಯಾ
ಎಡಗಡೆ ಕುಂತಾರ, ಕೈ ತೊಡಿ ಮ್ಯಾಲ.
ಎಡಗಣ್ಣಿನ ಅಂಚು ಮಸಕಾಗಿ ನಾಕು ವರ್ಷ.
ಡಾಕ್ಟರು ಇನ್ನ ಸ್ಟೇರಿಂಗ್ ಬ್ಯಾಡ ಅಂದ ದಿನ
ನಾ ಬ್ಯಾಡಗಿ ಮೆಣಸಿನಕಾಯಿ ತುಂಬು ಬಿಡಸತಾ ಕುಂತಿದ್ದೆ.
ಬಂದು ಬಾಜೂಕ ಕುಂತು ತಾವೂ ಬಿಡಸಿದರು, ಮಾತಿಲ್ಲ.
ಆಮ್ಯಾಲೆ ಅದ ಕೈಲೆ ಕಣ್ಣೊರಸಿಕೊಂಡು ಅಂಗಳ ತುಂಬ ಕುಣದರು.
ಅತ್ತದ್ದೋ, ಖಾರ ಹತ್ತಿದ್ದೋ,
ಇವತ್ತಿಗೂ ಹೇಳೂದಿಲ್ಲ.
ಮುಂದಿನ ವಾರ ಡ್ರೈವಿಂಗ್ ಸ್ಕೂಲಿಗೆ ನಾ ಹೆಸರು ಹಚ್ಚಿದೆ,
ಐವತ್ತೆಂಟಕ್ಕ.
‘ಎಂಟು ಹಾಕ್ರಿ’ ಅಂದ ಆರ್‌ಟಿಓ ಸಾಹೇಬ.
ದಿನಾ ಚುಕ್ಕಿ ಸುತ್ತಿ ರಂಗೋಲಿ ಹಾಕಿದಾಕಿಗೆ
ಎಂಟು ಎಷ್ಟರದು?

ಈಗ ಇವರ ನನ್ನ ಕಂಡಕ್ಟರ್.
‘ರೈಟ್, ರೈಟ್’ ಅಂತಾರ,
ಎದುರು ಲಾರಿ ಬಂದರ ಇಲ್ಲದ ಬ್ರೇಕು ಬಲಗಾಲಲೆ ಒತ್ತತಾರ.
‘ಮುಂದ ತಗ್ಗೈತಿ, ನೋಡಿಕೋ.’
ತಗ್ಗ ಮುಚ್ಚಿ ಎಷ್ಟು ಮಳಿಗಾಲ ಹೋದವೋ,
ಇವರ ತಲಿಯಾಗ ಇನ್ನೂ ಡಾಂಬರು ಬಿದ್ದಿಲ್ಲ.

ಇದ ಊರ ಮುಂದ ದಿನಾ ನಾಕು ಸಲ ಹಾದಾರ ಇವರು.
ನಿಲುಗಡೆ ಎರಡು ನಿಮಿಷ,
ಇಳಿಯೋರು ಇಳದರು, ಹತ್ತೋರು ಹತ್ತಿದರು.
ಲಕ್ಕುಂಡಿ ಅಂದರ ಒಂದು ಚಾದಂಗಡಿ,
ಕನ್ನಡಿಯಾಗ ಸಣ್ಣದಾಗೋ ಒಂದು ಬೋರ್ಡು.
ಏಳು ನಿಮಿಷ ತಡಾ ಆತಂತ ಮೆಮೋ ತಗೊಂಡ ಮನಶ್ಯಾ
ಮೊದಲನೇ ದಿನ ಬಾವಿ ಮೆಟ್ಟಲ ಇಳದರು,
ಒಂದೊಂದ ಮೆಟ್ಟಲ ಕಾಲಿಲೆ ತಡವಿ,
ನಡುಮಟ ಇಳದು ಅಲ್ಲೇ ಕುಂತರು.
ಕಪ್ಪಿ ಒಂದು ನೀರಿಗೆ ಜಿಗೀತು. ಬಿಸಲು ಒಂದು ಕಂಬ ದಾಟಿತು.
‘ಇಷ್ಟು ದಿನ ಇದು ಇಲ್ಲೇ ಇತ್ತೇನ?’
ಇಲ್ಲರಿ, ನಿಮ್ಮ ಸಲುವಾಗಿ ನಿನ್ನೆ ಕಡಿಸ್ಯಾರ, ಅಂದೆ.
ನಗಲಿಲ್ಲ. ಕಲ್ಲಿನ ಆನಿ ಸೊಂಡಿ ಮುರದ ಜಾಗಾದಾಗ
ಬೆರಳಿಟ್ಟು ನೋಡತಿದ್ದರು,
ಗಾಲಿ ಬಿಸಿ ಆಗೈತೇನು ಅಂತ ನೋಡಿದಂಗ.

ನಾಳೆ ಡಂಬಳ, ನಾಳೆ ಡಂಬಳ ಅಂತ ಐದು ನಾಳೆ ಆದವು.
ಮಾಗಡಿ ಕೆರಿಗೆ ಹಕ್ಕಿ ಇಳದಾವಂತ, ಹಾಲಿನ ದುರಗವ್ವ ಹೇಳಿದಳು.
‘ಅವೇನು ನಮ್ಮ ಸಲುವಾಗಿ ಬಂದಾವೇನ? ಇರತಾವ ಬಿಡು’ ಅಂತಾರ ಇವರು.
ಟಾಕಿ ಅರ್ಧ ಐತಿ, ಜೋಳದ ಹಿಟ್ಟೈತಿ.
ಸಂಜಿಮುಂದ ರೋಡಿನ ಕಡೆ ಹಾರ್ನ್ ಕೇಳಿದರ ಮಾತ್ರ
ಮಣಿಕಟ್ಟು ಕಣ್ಣಿಗೆ ಹಿಡಕೋತಾರ:
‘ಆರೂ ಹತ್ತರ ಗಾಡಿ. ಹನ್ನೆರಡು ನಿಮಿಷ ಲೇಟು.
ಯಾವನೋ ಹೊಸಾ ಡ್ರೈವರ.’

ನಿನ್ನೆ ನಡುರಾತ್ರಿ ನಿದ್ದಿಗಣ್ಣಾಗ ಎದ್ದು ಕುಂತರು.
‘ಯಾವ ಊರಿದು?’
ಲಕ್ಕುಂಡಿ.
‘ಇಳಿಯೋರು ಅದಾರೇನು?’
ಇಬ್ಬರ ಅದೇವ್ರಿ.
ಹೂಂ ಅಂದು ಮಗ್ಗಲಾದರು,
ಚಾದರ ಪೂರಾ ತಮ್ಮ ಕಡೆ ಎಳಕೊಂಡು.