ಐದನೆಯದು

ಕಾಕ್ಸ್ ಟೌನಿನ ಆ ಮನೆ ಕೆಡವುವ ಮುನ್ನಾದಿನ
ಗೇಟಿನ ಹೊರಗೆ ಸಾಲಾಗಿ ನಿಂತಿದ್ದವು,
ಗ್ರೂಪ್ ಫೋಟೋಗೆ ಕಾದಂತೆ.
ಬೀಟೆಮರ. ಆರಕ್ಕೆ ಒಂಬತ್ತು ಸಾವಿರ.
ಟೆಂಪೋದವನು ಹಗ್ಗ ಬಿಗಿಯುತ್ತ ಕೇಳಿದ,
'ಟೇಬಲ್ ಎಲ್ಲಿ ಮೇಡಂ?'
ಟೇಬಲ್ ಇರಲಿಲ್ಲ.

ಈಗ ಭಾನುವಾರ. ಲಿಂಗರಾಜಪುರ, ಮೂರನೇ ಮಹಡಿ,
ಹಾಲಿನ ತುಂಬ ಹಳೇ ಪೇಪರು.
ಸ್ಕ್ರೂಡ್ರೈವರಿನ ಮೂತಿ ತೂರಿಸಿ ಒಂದೊಂದೇ ಮೊಳೆ ಎಬ್ಬಿಸುತ್ತೇನೆ.
ತುಕ್ಕು ಹಿಡಿದವು ಮಾತಿಗೆ ಬಗ್ಗುವುದಿಲ್ಲ,
ಮೈ ಒಳಗೇ ಬಿಟ್ಟು ತಲೆಯಷ್ಟೇ ಕೊಡುತ್ತವೆ.

ಮೇಲೆ ಕಂದು ರೆಕ್ಸಿನ್.
ಅದರಡಿ ಹೂವಿನ ಬಟ್ಟೆ, ಹೂ ಮಾಸಿ ಕಾಂಡ ಮಾತ್ರ ಉಳಿದದ್ದು.
ಅದರಡಿ ಹಸಿರು ಮಖಮಲ್ಲು,
ಮೊಳೆಗಳ ಕೆಳಗೆ ಬೆರಳಗಲ ಈಗಲೂ ಹೊಸದು.
ಆಮೇಲೆ ಗೋಣಿ, ಆಮೇಲೆ ತೆಂಗಿನ ನಾರು,
ನಾರಿನೊಳಗೆ ಒಂದು ಹೇರ್‌ಪಿನ್ನು, ಕಲ್ಲಾದ ಬಟಾಣಿ,
ಗುಂಡಿ ಎರಡು, ಬೇರೆ ಬೇರೆ ಷರ್ಟಿನವು.

ಸೀನು. ಸೀನಿನ ಮೇಲೆ ಸೀನು.
ಯಾರದೋ ಅರವತ್ತು ವರ್ಷದ ಊಟದ ಧೂಳು
ನನ್ನ ಮೂಗಿನಲ್ಲಿ.
ಕೆಳಗಿನ ಮನೆಯ ಫಿಲೋಮಿನಾ ಆಂಟಿ
ಮೊದಲು ಪೊರಕೆ ಹಿಡಿಯಿಂದ ತಮ್ಮ ಸೀಲಿಂಗಿಗೆ ಕುಟ್ಟಿದರು,
ಆಮೇಲೆ ಬೈಯಲು ಬಂದರು,
ಆಮೇಲೆ ಇಕ್ಕಳ ಕೇಳಿ ಪಡೆದು ನೆಲಕ್ಕೇ ಕೂತರು.

ಶಿವಾಜಿನಗರದ ಖಲಂದರ್ ಸಾಬರು ಹೇಳಿದ್ದರು,
'ಫೋಮ್ ಬೇಡಮ್ಮ, ಎರಡು ವರ್ಷಕ್ಕೆ ರೊಟ್ಟಿ ಆಗೋಗುತ್ತೆ.
ನಾರು ತೊಳೆದು ಬಿಸಿಲಿಗೆ ಹಾಕಿ, ಕೈಯಲ್ಲೇ ಬಿಡಿಸಿ,
ಮಕ್ಕಳ ತಲೆಸಿಕ್ಕು ಬಿಡಿಸೋ ಹಾಗೆ. ಮತ್ತೆ ಎದ್ದು ನಿಲ್ಲುತ್ತೆ.'
ತಾರಸಿಯ ತುಂಬ ಹರವಿದೆ.
ಕಾಗೆಯೊಂದು ತನ್ನ ಪಾಲು ಒಯ್ದಿತು.

ಕೂತವರು ಹೋದರೂ ಕೂತದ್ದು ಹೋಗಿರಲಿಲ್ಲ.
ಒಂದು ಕುರ್ಚಿ ನಡುವೆ ಕುಸಿದು ಬಾಣಲೆ.
ಇನ್ನೊಂದು ಎಡಕ್ಕಷ್ಟೇ ತಗ್ಗು, ಜೀವಮಾನವಿಡೀ ಕಾಲ ಮೇಲೆ ಕಾಲು.
ಎರಡರ ಅಡ್ಡಪಟ್ಟಿಗೆ ಷೂ ಒದ್ದ ಗುರುತು, ಮಕ್ಕಳಿರಬೇಕು.
ಐದನೆಯದು ಅರ್ಥವಾಗಲು ತಡವಾಯಿತು.
ಹಿಂದೆಲ್ಲ ನಾರು ಅಂಗಡಿಯಿಂದ ಬಂದ ಹಾಗೇ ಉಬ್ಬಿದೆ,
ಒರಗುವ ಪಟ್ಟಿಯ ಪಾಲಿಶ್ ಅಳಿಸಿಲ್ಲ,
ಮುಂದಿನ ಅಂಚು ಮಾತ್ರ, ನಾಲ್ಕೇ ಬೆರಳು,
ಗೋಣಿಯ ತನಕ ಸವೆದಿದೆ.

ಆಂಟಿಗೆ ತೋರಿಸಿದೆ. ಬೆರಳಾಡಿಸಿ ನೋಡಿ,
'ಅಡುಗೆಮನೆ ಬಾಗಿಲ ಪಕ್ಕದ್ದು' ಎಂದರು.
ಆಮೇಲೆ ಒಂದು ಗಂಟೆ
ಇಬ್ಬರೂ ಮೊಳೆಗಳ ವಿಷಯವಷ್ಟೇ ಆಡಿದೆವು.

ಚಿಕ್ಕಪೇಟೆಯ ಬಟ್ಟೆ, ಸಾಸಿವೆ ಬಣ್ಣ.
ಮೂಲೆ ಮಡಿಸಲು ನನಗೆ ಬಾರದು:
ಒಂದು ಕರ್ಜಿಕಾಯಿಯ ಅಂಚಾಯಿತು,
ಒಂದು ಸ್ಕೂಲು ಶುರುವಾದ ದಿನ ಅವಸರದಲ್ಲಿ ಬೈಂಡು ಹಾಕಿದ ನೋಟ್‌ಬುಕ್ಕು.
ಹೆಬ್ಬೆರಳಿನ ಉಗುರು ನೀಲಿ.

ಐದನೆಯದರ ಮುಂದಿನ ಅಂಚಿಗೆ
ಎರಡು ಹಿಡಿ ನಾರು ಹೆಚ್ಚಿಗೆ ತುಂಬಿದೆ.
ಆಂಟಿ ತಲೆಯಾಡಿಸಿದರು,
'ಅಲ್ಲಿ ಮೆತ್ತಗೆ ಮಾಡಿದರೆ ಅಲ್ಲೇ ಕೂರ್ತಾರೆ, ಮಗಳೇ.'
ಹೊಡೆದ ಮೊಳೆ ಕಿತ್ತು
ಆ ಎರಡು ಹಿಡಿ ಹಿಂದಕ್ಕೆ ಸರಿಸಿ
ಮತ್ತೆ ಹೊಡೆದೆವು.

ಕತ್ತಲಾಯಿತು. ಟೇಬಲ್ ಇನ್ನೂ ಇಲ್ಲ.
ಹೊಸ ಕುರ್ಚಿಗಳ ಮೇಲೆ, ತಟ್ಟೆ ತೊಡೆಯ ಮೇಲೆ, ಚಿತ್ರಾನ್ನ.
ಯಾರ ಮನೆಯದೋ ಕುಕ್ಕರ್ ಕೂಗಿತು.
ನೋಡಿಕೊಂಡರೆ
ಇಬ್ಬರೂ ತುದಿಯಲ್ಲಿದ್ದೆವು.