ಹನ್ನೊಂದನೇ ಮಗ್ಗ

ಸೊಲ್ಲಾಪುರದ ಈ ಶೆಡ್ಡಿನಾಗ
ಒದರಿದ್ದೆಲ್ಲಾ ಮಗ್ಗ ನುಂಗತಾವ.
ಮ್ಯಾನೇಜರ್ ಆದ ಮೊದಲ ತಿಂಗಳು
ನಾ ಬರೇ ಒದರಿದೆ.

ಒಂದಿನ ಹನ್ನೊಂದನೇದು ನಿಂತಿತ್ತು.
"ಯಾರನ್ನ ಕೇಳಿ ನಿಲ್ಲಿಸಿದಿ?"
ನರಸೂಬಾಯಿ ಮಾತಾಡಲಿಲ್ಲ,
ನನ್ನ ಬೆರಳು ಹಿಡಿದು
ಟವೆಲ್ಲಿನ ಮ್ಯಾಲೆ ಎಳದಳು.
ಒಂದು ಎಳಿ ಇರಲಿಲ್ಲ.
ಕಣ್ಣಿಗೆ ಕಾಣಲಿಲ್ಲ, ಬೆರಳಿಗೆ ಗೊತ್ತಾತು.

ರಿಜಿಸ್ಟರಿನಾಗ ಆ ಹತ್ತು ನಿಮಿಷ
"ನಷ್ಟ" ಅಂತ ಬರದಿದ್ದೆ, ಕೆಂಪು ಶಾಯಿಲೆ.
ಅಳಿಸಲಿಲ್ಲ.
ಬಾಜೂಕ ನನ್ನ ಹೆಸರು ಬರದೆ.

ಈಗ ಪಾಳಿ ಬದಲಾಗೂ ಹೊತ್ತಿಗೆ
ಸಾಲಿನ ನಡಕ ಸುಮ್ಮನ ಅಡ್ಡಾಡತೀನಿ.
ಕೇಳೂದು ಇನ್ನೂ ಪೂರಾ ಬಂದಿಲ್ಲ.
ಇವತ್ತು ಎಂಟನೇದರ ದನಿಯಾಗ ಏನೋ ಫರಕು;
ನರಸೂಬಾಯಿ ಸೂಟಿ ಮ್ಯಾಲೆ ಅದಾಳ.
ಯಾರನ್ನ ಕೇಳಲಿ?

ಸ್ವಿಚ್ಚಿನ ಮ್ಯಾಲೆ ಕೈ ಇಟ್ಟೆ.