ಬಂದರು, ಬಾಕಿ

ದೋಣಿಯಿಂದ ಇಳಿದರೆ ಮೊಣಕಾಲುದ್ದ ನೀರು.
ಚಪ್ಪಲಿ ಕೈಯಲ್ಲಿ, ಚೀಲ ತಲೆಯ ಮೇಲೆ.
ಬಂದಾರಿ, ಎಂದ ಶಾಮೆ, ಹುಟ್ಟಿನ ತುದಿಯಿಂದ ತೋರಿಸಿ.
ಬಂದರೆಂದರೆ ಇಷ್ಟೇ:
ಮುರಿದ ಕಟ್ಟೆ, ಮಗುಚಿಟ್ಟ ಎರಡು ದೋಣಿ,
ಒಂದರ ನೆರಳಲ್ಲಿ ಮೆಲುಕು ಹಾಕುವ ಆಡು.

ನಮ್ಮಲ್ಲೂ ಅದೇ ಮಾತು, ಎಂದೆ.
ಅದಕ್ಕೆ ಇನ್ನೊಂದು ಅರ್ಥವೂ ಇದೆ, ಯಾರೋ ಬಂದರು ಅಂತ.
ಅವನು ದಂಡೆಯ ಉದ್ದಕ್ಕೂ ಕಣ್ಣು ಹಾಯಿಸಿ ನಕ್ಕ:
ಬಂದದ್ದು ನೀನೊಬ್ಬಳೇ.

ದಾರ್ ಎಸ್ ಸಲಾಮಿನಲ್ಲಿ
ಗೋಡಂಬಿ ಕಂಪನಿಯೊಂದರ ಲೆಕ್ಕ ತಪಾಸಿಸಿ ಮುಗಿಸಿದವಳು ನಾನು.
ಅಂಕಿಗಳಿಲ್ಲದ ನಾಲ್ಕು ದಿನ ಬೇಕಿತ್ತು, ಪೆಂಬಾದ ಬದಿಯ
ಈ ಚೂರು ನೆಲದ ಹೆಸರು ಭೂಪಟದಲ್ಲಿ ಇರಲಿಲ್ಲ.
ಪುಸ್ತಕ ತಂದಿದ್ದೆ. ಅದನ್ನು ಮರಳು ಓದಿತು.

ನಾಳೆ ಮೂರಕ್ಕೆ ಬಾ, ದಿಬ್ಬ ತೆರೆಯುತ್ತೇವೆ, ಎಂದಳು ಬೀ ಮಿಜೆ.
ಮಧ್ಯಾಹ್ನ ಮೂರಕ್ಕೆ ಹೋದೆ. ಕಡಲು ತುಂಬಿತ್ತು, ದಂಡೆ ಖಾಲಿ.
ಇಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲಿಂದ;
ಅವರ ಮೂರು ನನ್ನ ಒಂಬತ್ತು.
ಆರು ತಾಸು ತಡವಾದವಳಿಗೂ ಏಲಕ್ಕಿ ಚಹಾ ಮುಚ್ಚಿಟ್ಟಿದ್ದರು.
ಆರಿತ್ತು. ಕುಡಿದೆ.
ನಾಳೆಯೂ ದಿಬ್ಬ ಇರುತ್ತದೆ ಬಿಡು, ಎಂದಳು.

ಮರುದಿನ ಅವರ ಮೂರಕ್ಕೇ ಹೋದೆ.
ಬಸ್ಸಿನಲ್ಲಿ ಮುದುಕಿಗೆ ಜಾಗ ಬಿಡುವವರ ಹಾಗೆ
ಕಡಲು ಒಂದು ಮೈಲಿ ಹಿಂದಕ್ಕೆ ಸರಿದಿತ್ತು.
ಮೂರು ತಿಂಗಳು ಮುಚ್ಚಿಟ್ಟ ಹವಳದ ದಿಬ್ಬಕ್ಕೆ
ಒಂದು ಕೋಲು, ಕೋಲಿಗೊಂದು ಕೆಂಪು ಬಟ್ಟೆ, ಅಷ್ಟೇ ಬೀಗ.
ಊರ ಹಿರಿಯ ಫಾಕಿ ನಿನ್ನೆ ಅದನ್ನು ಬಿಚ್ಚಿ ಜೇಬಿಗಿಟ್ಟನಂತೆ.
ಕಂಗಾ ಎತ್ತಿ ಕಟ್ಟಿ ನಲವತ್ತು ಹೆಂಗಸರು ನೀರಲ್ಲಿ,
ಕೈಯಲ್ಲಿ ಕಬ್ಬಿಣದ ಕಡ್ಡಿ, ಬಾಯಲ್ಲಿ ಇನ್ನೊಬ್ಬಳ ಗಂಡನ ಸುದ್ದಿ.

ಪ್ವೇಜಾ, ಎಂಟು ಕಾಲಿನದು, ತಿಂದ ಚಿಪ್ಪನ್ನು
ತನ್ನ ಬಾಗಿಲಲ್ಲೇ ಎಸೆದು ಸಿಕ್ಕಿಬೀಳುತ್ತದೆ.
ಗಂಡಸರ ಹಾಗೆ, ಎಂದಳು ಬೀ ಮಿಜೆ, ಎಳೆದು ಬಂಡೆಗೆ ಬಡಿದಳು.
ಅದು ಕಲ್ಲಿನ ಬಣ್ಣ, ಆಮೇಲೆ ಕೆಂಪು, ಆಮೇಲೆ ಬಿಳಿ.
ಇಷ್ಟು ಬೇಗ ಬಣ್ಣ ಬದಲಿಸುವ ಖಾತೆ ನಾನು ಕಂಡಿಲ್ಲ.

ಒಂದು ಬಿಲದ ಮುಂದೆ ಮಾತ್ರ ಬಗ್ಗಿ ನೋಡಿ
ಕಡ್ಡಿಯನ್ನು ಬೆನ್ನ ಹಿಂದೆ ಹಿಡಿದಳು,
ಮಗುವಿನ ಮುಂದೆ ಕತ್ತಿ ಮರೆಸುವವಳ ಹಾಗೆ.
ಒಳಗೆ ಮೊಟ್ಟೆ. ತೋರಣದಷ್ಟು ಮೊಟ್ಟೆ. ಅದರ ಕೆಳಗೆ
ಊಟ ಬಿಟ್ಟು ಕೂತ ತಾಯಿ, ಬಣ್ಣವೇ ಇಲ್ಲದೆ.
ಅಬಾಕಿ, ಎಂದಳು. ಇವಳು ಉಳಿಯಲಿ.
ಬಾಕಿ! ಎಂದೆ ನಾನು, ಪೇಟೆಯಲ್ಲಿ ನಂಟರು ಸಿಕ್ಕ ಹಾಗೆ.

ಹೊತ್ತೇರಿದಾಗ ತಕ್ಕಡಿಯವನು ಬಂದ, ಕೊಂಬೊ.
ಖಾಲಿ ಕೊಕ್ಕೆ ತೂಗುತ್ತಿದ್ದಾಗಲೇ ಮುಳ್ಳು ಸೊನ್ನೆಗಿಂತ ಹಿಂದಿತ್ತು.
ಕೆಲಸದ ಚಟ, ನೋಡದೆ ಇರಲಾರೆ.
ಕಿವಿಯಲ್ಲಿ ಹೇಳಿದೆ. ಬೀ ಮಿಜೆ ಗಟ್ಟಿಯಾಗಿಯೇ ಹೇಳಿದಳು:
ಗೊತ್ತು. ಅದು ಅವನ ಐಸಿನ ದುಡ್ಡು.
ಕೊಂಬೊ ತಲೆ ಆಡಿಸಿದ. ನಲವತ್ತು ಜನರೂ ಆಡಿಸಿದರು.
ಹನ್ನೆರಡು ವರ್ಷದ ನನ್ನ ವಿದ್ಯೆ
ಬಿಸಿಲಿಗೆ ಹರಡಿದ ಸಣ್ಣ ಮೀನುಗಳ ನಡುವೆ
ಮುಖ ಮರೆಸಿಕೊಂಡು ಕೂತಿತು.

ಹೊರಡುವ ದಿನ ಒಣಗಿಸಿದ ಒಂದು ಕಾಲು,
ಹಳೆ ಪತ್ರಿಕೆಯಲ್ಲಿ ಸುತ್ತಿ, ಚೀಲಕ್ಕೆ ತುರುಕಿದಳು.
ನೋಟು ಚಾಚಿದೆ. ಅವಳು ನನ್ನ ಬೆರಳನ್ನೇ ಮಡಚಿದಳು.
ಇಬಾಕಿ.
ನನ್ನ ಕಡತದಲ್ಲಿ ಅದರ ಅರ್ಥ ತೀರಿಸಬೇಕಾದದ್ದು.
ಅವಳದು ಏನು ಎಂದು ಕೇಳುವಷ್ಟರಲ್ಲಿ
ಶಾಮೆ ದೋಣಿ ನೂಕಿದ್ದ.

ನೀರು ದಿಬ್ಬದ ಮೇಲೆ ಏರುತ್ತಿತ್ತು, ಆ ಬಿಲ ಎಲ್ಲಿ
ಎಂದು ಲೆಕ್ಕ ಸಿಗಲಿಲ್ಲ.
ಕಟ್ಟೆಯ ಮೇಲೆ ಫಾಕಿ, ಹಲಸು ತಿಂದ ಕೈಯನ್ನು
ಜೇಬಿನ ಕೆಂಪು ಬಟ್ಟೆಗೆ
ನಿಧಾನಕ್ಕೆ ಒರೆಸಿಕೊಳ್ಳುತ್ತಿದ್ದ.